ಮರಕ್ಕೆ ವಯರ್ ಎಳೆದವರು

(ಅಲ್ ಕುಸೈಸ್‌ನಲ್ಲಿ ನಡೆದ ಡಿಸೆಂಬರ್ ಕೂಟದಲ್ಲಿ ಆಡಿದ ಮಾತು)

ನಾನು ಕಾರ್ಕಳ ಕಡೆಯವನು, ಸರ್ಕಾರಿ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಕಲಿತವನು. ಭಾಷಣ ಮಾಡಿ ಅಭ್ಯಾಸ ಇಲ್ಲ. "ಕ್ರಿಸ್ಮಸ್ ಬಂತಲ್ಲ, ಲೈಟಿನ ಬಗ್ಗೆ ಎಂತಾದರೂ ಹೇಳು ಮಾರಾಯ" ಎಂದು ಕಾರ್ಯದರ್ಶಿಯವರು ಹೇಳಿದ್ದಕ್ಕೆ ಎದ್ದು ನಿಂತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮೂರಲ್ಲಿ ಕ್ರಿಸ್ಮಸ್ ಮರ ಎಂದರೆ ಗಾಳಿಮರದ ಒಂದು ಗೆಲ್ಲು. ಪಕ್ಕದ ಬಾಯಮ್ಮನ ಮನೆಯಲ್ಲಿ ಅದನ್ನು ಮರಳು ತುಂಬಿದ ಡಬ್ಬಿಯಲ್ಲಿ ನಿಲ್ಲಿಸಿ, ಹತ್ತಿ ಅಂಟಿಸಿ, ಪಕ್ಕದಲ್ಲಿ ಗೋದಲಿ ಕಟ್ಟುತ್ತಿದ್ದರು. ನಮಗೆ ಮರಕ್ಕಿಂತ ಕುಸ್ವಾರಿನ ಮೇಲೇ ಕಣ್ಣು.

ಆದರೆ ಲೋಕದಲ್ಲಿ ಎಂತೆಂಥ ಮರಗಳು ಉಂಟು ನೋಡಿ. ದೂರ ಹೋಗುವುದು ಬೇಡ, ನಮ್ಮ ಅಬುಧಾಬಿಯದ್ದೇ ಹೇಳುತ್ತೇನೆ. 2010ರ ಡಿಸೆಂಬರಿನಲ್ಲಿ ಎಮಿರೇಟ್ಸ್ ಪ್ಯಾಲೇಸ್ ಹೋಟೆಲಿನಲ್ಲಿ ಸುಮಾರು 13 ಮೀಟರ್ ಎತ್ತರದ ಮರ ನಿಲ್ಲಿಸಿದ್ದರು. ಮರ ಪ್ಲಾಸ್ಟಿಕ್ಕಿನದ್ದೇ. ಅದಕ್ಕೆ ತೂಗುಹಾಕಿದ್ದು ವಜ್ರ, ಮುತ್ತು, ಪಚ್ಚೆ, ನೀಲದ 181 ಆಭರಣ. ಬೆಲೆ 1.1 ಕೋಟಿ ಡಾಲರ್, ಎಂದರೆ 4 ಕೋಟಿ ದಿರ್ಹಮ್! ಅತಿ ದುಬಾರಿ ಅಲಂಕಾರದ ಮರವೆಂದು ಗಿನ್ನೆಸ್‌ನಲ್ಲಿ ದಾಖಲಾಯಿತು. ನನ್ನ ಮೊದಲ ಸಂಬಳ 1,200 ದಿರ್ಹಮ್. ಲೆಕ್ಕ ಹಾಕಿದೆ: ಒಂದು ಫಿಲ್ಸ್ ಖರ್ಚು ಮಾಡದೆ ಉಳಿಸಿದರೂ 2,700ಕ್ಕೂ ಹೆಚ್ಚು ವರ್ಷ ಬೇಕು. ಯೇಸು ಹುಟ್ಟುವುದಕ್ಕೆ ಏಳುನೂರು ವರ್ಷ ಮೊದಲೇ ನಾನು ಡ್ಯೂಟಿಗೆ ಸೇರಬೇಕಿತ್ತು! ಕಡೆಗೆ ಟೀಕೆ ಬಂದು, ಹಬ್ಬದ ಸಂಪ್ರದಾಯದ ಮೇಲೆ ಇಷ್ಟು ಭಾರ ಹೊರಿಸಿದ್ದಕ್ಕೆ ವಿಷಾದ ಎಂದು ಹೋಟೆಲಿನವರೇ ಹೇಳಿಕೆ ಕೊಟ್ಟರು.

ಎಲೆಕ್ಟ್ರಿಷಿಯನ್ ಆಗಿ ನನಗೆ ಇಷ್ಟವಾದದ್ದು ಇಟಲಿಯ ಗುಬ್ಬಿಯೋ ಊರಿನ ಮರ. ಅಲ್ಲಿ ಮರವೇ ಇಲ್ಲ! ಇಂಗಿನೋ ಬೆಟ್ಟದ ಇಳಿಜಾರಿನಲ್ಲಿ ಕಿಲೋಮೀಟರ್‌ಗಟ್ಟಲೆ ಕೇಬಲ್ ಎಳೆದು, ದೀಪಗಳಿಂದಲೇ 650 ಮೀಟರಿಗೂ ಉದ್ದದ ಮರದ ಆಕಾರ ಬರೆಯುತ್ತಾರೆ. ತುದಿಯಲ್ಲಿ ದೊಡ್ಡ ನಕ್ಷತ್ರ. 1981ರಿಂದ ಊರಿನ ಸ್ವಯಂಸೇವಕರೇ ಮಾಡುವ ಕೆಲಸ ಅದು. 1991ರಲ್ಲಿ ಅದಕ್ಕೂ ಗಿನ್ನೆಸ್ ಬಂತು. ಬೆಟ್ಟದಲ್ಲಿ ಮಳೆ ಚಳಿಗೆ ಒಂದು ಜಾಯಿಂಟ್ ಹೋದರೆ ಹುಡುಕುವುದು ಎಂಥ ಕಷ್ಟ, ನಮ್ಮ ಕೆಲಸದವರಿಗೆ ಗೊತ್ತು.

ಮರಕ್ಕೆ ಮೊದಲು ಕರೆಂಟ್ ದೀಪ ಹಾಕಿದ್ದು 1882ರಲ್ಲಿ, ನ್ಯೂಯಾರ್ಕಿನಲ್ಲಿ. ಎಡಿಸನ್ ಜೊತೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಜಾನ್ಸನ್ ತನ್ನ ಮನೆಯ ಮರಕ್ಕೆ 80 ಬಲ್ಬು ಕಟ್ಟಿದ. ಅದೇ ಊರಿನ ರಾಕ್‌ಫೆಲ್ಲರ್ ಸೆಂಟರಿನ ಮರವನ್ನು ಈಗ ಇಡೀ ಲೋಕ ಟಿವಿಯಲ್ಲಿ ನೋಡುತ್ತದೆ. ಆದರೆ ಅಲ್ಲಿ ಮೊದಲ ಮರ ನೆಟ್ಟವರು ಯಾರು ಗೊತ್ತುಂಟಾ? ನಮ್ಮಂಥವರು. 1931, ಕೆಲಸ ಸಿಗುವುದೇ ಕಷ್ಟವಾಗಿದ್ದ ಕಾಲ. ಕಟ್ಟಡ ಕೆಲಸದವರು ತಮ್ಮತಮ್ಮಲ್ಲೇ ಹಣ ಒಟ್ಟುಹಾಕಿ 20 ಅಡಿಯ ಮರ ತಂದು, ಮನೆಯವರು ಮಾಡಿದ ಕಾಗದದ ಮಾಲೆ ಕಟ್ಟಿದರು. ಮರದ ಪಕ್ಕದಲ್ಲಿ ಸಂಬಳಕ್ಕೆ ಸಾಲುನಿಂತ ಅವರ ಫೋಟೋ ಈಗಲೂ ಉಂಟು.

ಆ ಫೋಟೋ ನೋಡಿದಾಗ ನನ್ನದೊಂದು ನೆನಪಾಗುತ್ತದೆ. ಇಲ್ಲಿಗೆ ಬಂದ ಎರಡನೇ ವರ್ಷ ಒಂದು ಹೋಟೆಲಿನ ಮರಕ್ಕೆ ನಾವು ಆರು ಮಂದಿ ನಾಲ್ಕು ರಾತ್ರಿ ಲೈಟ್ ಕಟ್ಟಿದೆವು. ಸರ್ಕ್ಯೂಟ್ ಟೆಸ್ಟ್ ಮಾಡಿ ಓಕೆ ಎಂದದ್ದೇ, ಹಿಂದಿನ ಗೇಟಿನಿಂದ ಬಸ್ಸು ಹತ್ತಿಸಿದರು. ಸ್ವಿಚ್ ಹಾಕಿದ್ದು ಬೇರೆಯವರು. ನಾನು ಆ ಮರ ಪೂರ್ತಿ ಬೆಳಗಿದ್ದನ್ನು ನೋಡಿದ್ದು ಮರುದಿನ, ಫೇಸ್‌ಬುಕ್‌ನಲ್ಲಿ.

ಅದೇ ವರ್ಷ ನನ್ನ ರೂಮಿನ ಗೆಳೆಯನ ತಾಯಿ ತೀರಿಕೊಂಡಿದ್ದರು. ಅವನಿಗೆ ಮಣ್ಣಿಗೆ ಹೋಗಲಿಕ್ಕೆ ಆಗಿರಲಿಲ್ಲ. "ಈ ಸಲ ಹಬ್ಬ ಬೇಡ" ಎಂದು ಗೋಡೆ ಕಡೆ ತಿರುಗಿ ಮಲಗಿದ್ದ. ನಾನು ಫೋರ್‌ಮನ್ ಹತ್ತಿರ ಕೇಳಿ ಸ್ಕ್ರ್ಯಾಪಿನ ಪಿವಿಸಿ ಪೈಪು, ಹಸಿರು ಅರ್ಥಿಂಗ್ ವಯರ್ ತಂದೆ. ಪೈಪಿಗೆ ಕೇಬಲ್ ಟೈ ಹಾಕಿ ವಯರಿನ ತುಂಡು ಬಿಗಿದರೆ ಥೇಟ್ ಗಾಳಿಮರ! ಎರಡು ಬಂಕಿನ ನಡುವೆ ನಿಲ್ಲಿಸಿ, ಐದು ದಿರ್ಹಮಿನ ಒಂದು ಲೈಟ್ ಮಾಲೆ ಹಾಕಿ, ಸ್ವಿಚ್ ಅವನ ಕೈಗೆ ಕೊಟ್ಟೆ. ಎಂಟು ಮಂದಿ ರೂಮಿನವರೂ ಸುಮ್ಮನೆ ನೋಡುತ್ತಿದ್ದರು. ಅವನು ಸ್ವಿಚ್ ಒತ್ತಿದ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಕ್ಷತ್ರ ವಾರೆ ಉಂಟು" ಎಂದು ಎದ್ದು ಸರಿ ಮಾಡಿದ. ಆ ರಾತ್ರಿ ಅವನು ನಮ್ಮೊಟ್ಟಿಗೆ ಕುಳಿತು ಊಟ ಮಾಡಿದ.

ಒಂದು ಕಸುಬಿನ ಮಾತು: ರೂಮಿನಲ್ಲಿ ಮರ ಇಡುವವರು ಒಂದೇ ಪ್ಲಗ್ಗಿಗೆ ಇಂಡಕ್ಷನ್ ಸ್ಟೌ, ಚಾರ್ಜರ್, ಲೈಟ್ ಮಾಲೆ ಎಲ್ಲ ಸಿಕ್ಕಿಸಬೇಡಿ. ವಯರ್ ಬಿಸಿಯಾದರೆ ತೆಗೆಯಿರಿ. ಮಲಗುವ ಮೊದಲು ಆಫ್ ಮಾಡಿ.

ಕೊನೆಗೆ ಕಮಿಟಿಯವರಲ್ಲಿ ಒಂದು ಕೋರಿಕೆ. ಮುಂದಿನ ಸಲ ನಮ್ಮ ಕೂಟದಲ್ಲಿ ದೀಪವೋ ಮರವೋ ಏನೇ ಬೆಳಗಿಸಿ, ಸ್ವಿಚ್ಚನ್ನು ಮುಖ್ಯ ಅತಿಥಿಗಳ ಕೈಗೆ ಕೊಡಬೇಡಿ. ಅದಕ್ಕೆ ವಯರ್ ಎಳೆದವನನ್ನು ಕರೆಯಿರಿ. ಒಮ್ಮೆ ಅವನೂ ಎದುರು ನಿಂತು ನೋಡಲಿ.