ಇಂಜಿನಿಯರಿಂಗಿಗೆ ಹೋಗಲಿರುವ ತರುಣರಿಗೆ
(ರಾಯಚೂರು, ದೇವದುರ್ಗ, ಮಾನ್ವಿಗಳ ಕಾಲೇಜು ವಿದ್ಯಾರ್ಥಿಗಳನ್ನು ಕುರಿತು ಮಾಡಿದ ಭಾಷಣ)



ಪಿ.ಯು.ಸಿ. ಪರೀಕ್ಷೆಯ ಫಲ ಹೊರಬೀಳುವ ದಿನಗಳಲ್ಲಿ ನಮ್ಮ ಊರುಗಳ ಅನೇಕ ಮನೆಗಳಲ್ಲಿ ಒಂದೇ ವಿಚಾರ: ಮಗನನ್ನು, ಮಗಳನ್ನು ಇಂಜಿನಿಯರಿಂಗಿಗೆ ಕಳಿಸಬೇಕೋ ಬೇಡವೋ? ಹೊಲದ ಮೇಲೆ ಸಾಲ ಮಾಡಿಯಾದರೂ ಕಳಿಸುವ ತಂದೆತಾಯಿಗಳು ನಮ್ಮಲ್ಲಿದ್ದಾರೆ. ಹೀಗಿರಲು ನೆರೆಯವರ ಮಗ ಹೋದನೆಂಬ ಒಂದೇ ಕಾರಣದಿಂದ ಈ ನಿರ್ಣಯ ಮಾಡುವದು ತರವಲ್ಲ.

ಮೊದಲು ಈ ವಿದ್ಯೆ ಎಂಥದೆಂಬುದನ್ನು ತಿಳಿಯೋಣ. ರಾಯಚೂರಿನ ಕೋಟೆಯ ಗೋಡೆಯಲ್ಲಿ ನಲವತ್ತಡಿಗೂ ಮಿಕ್ಕ ಉದ್ದದ ಒಂದು ಶಿಲೆಯಿದೆ. ೧೨೯೪ರ ಶಾಸನವು ಅದರ ಮೇಲಿದೆ. ಆ ಬಂಡೆಯನ್ನು ಬಂಡಿಯ ಮೇಲೆ ಹೇರಿ, ಪಶುಗಳಿಂದ ಎಳೆಸಿ ತಂದ ಬಗೆಯನ್ನೂ ನಮ್ಮ ಪೂರ್ವಿಕರು ಅಲ್ಲಿಯೇ ಕೊರೆದು ತೋರಿಸಿದ್ದಾರೆ. ಭಾರವೆಷ್ಟು, ಬಲವೆಷ್ಟು, ದಾರಿ ಯಾವುದು, ಎಲ್ಲಿ ಮುರಿದೀತು? ಈ ಲೆಕ್ಕವೇ ಇಂಜಿನಿಯರಿಂಗು. ಲೆಕ್ಕದಲ್ಲಿ ರುಚಿಯಿಲ್ಲದವನಿಗೆ ಇದರಲ್ಲಿ ಸುಖವಿಲ್ಲ.

ಇನ್ನೊಂದು ದೃಷ್ಟಾಂತವು ನಮ್ಮೆಲ್ಲರ ಕಣ್ಣ ಮುಂದಿನದು. ೨೦೨೪ರ ಆಗಸ್ಟ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೧೯ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ಎಡದಂಡೆಯ ಕಾಲುವೆಯನ್ನೇ ನಂಬಿದ ಮಾನ್ವಿಯ ಭತ್ತದ ರೈತನ ಎದೆ ಅಂದು ನಡುಗಿತು. ನಿವೃತ್ತ ಇಂಜಿನಿಯರ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನು ಇಳಿಸಿ, ವಾರವೊಂದು ಕಳೆಯುವಷ್ಟರಲ್ಲಿ ನೀರನ್ನು ತಡೆದರು. ಒಂದು ಸರಪಳಿ ಕಡಿದರೆ ಸಾವಿರಾರು ಮನೆಗಳ ಅನ್ನಕ್ಕೆ ಕುತ್ತು. ಒಬ್ಬನ ಪಕ್ವವಾದ ವಿದ್ಯೆಯಿಂದ ಅದೇ ಅನ್ನದ ರಕ್ಷಣೆ. ಪದವಿಯ ಕಾಗದಕ್ಕೂ ವಿದ್ಯೆಗೂ ಇರುವ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲು ನಾವು ಅರಿಯೆವು.

ಈ ನೆಲದಲ್ಲಿ ಕೆಲಸಕ್ಕೆ ಬರವಿಲ್ಲ. ೧೯೫೩ರಲ್ಲಿ ಸಿದ್ಧವಾದಾಗ ಸುಮಾರು ೧೩೩ ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯವು ಹೂಳಿನಿಂದ ಸುಮಾರು ೧೦೫ಕ್ಕೆ ಇಳಿದಿದೆ. ಕಾಲುವೆಯ ಕೊನೆಯ ಭಾಗದವರಿಗೆ ನೀರು ಮುಟ್ಟದು. ಮೇಲಿನವರ ಹೊಲ ನೀರು ನಿಂತು ಸವಳಾಗುವದು. ನಾರಾಯಣಪುರದ ಬಲದಂಡೆ ಕಾಲುವೆ ಸೇರಿದ ದೇವದುರ್ಗಕ್ಕೂ ಈ ಎಚ್ಚರಿಕೆ ಬೇಕು. ೧೯೮೫ರಲ್ಲಿ ಮೊದಲ ಘಟಕ ಹೊತ್ತಿದ ಶಕ್ತಿನಗರದ ವಿದ್ಯುತ್ ಸ್ಥಾವರದ ಸಾಮರ್ಥ್ಯ ೧೭೨೦ ಮೆಗಾವ್ಯಾಟು; ಯರಮರಸಿನಲ್ಲಿ ೮೦೦ರ ಎರಡು ಘಟಕಗಳಿವೆ; ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ಆದುದರಿಂದ ಸಿವಿಲ್, ಮೆಕ್ಯಾನಿಕಲ್, ಇಲೆಕ್ಟ್ರಿಕಲ್ ಶಾಖೆಗಳನ್ನು ಹೀನವೆಂದೆಣಿಸಿ ಎಲ್ಲರೂ ಕಂಪ್ಯೂಟರ್ ಶಾಖೆಗೇ ಮುಗಿಬೀಳುವದು ವಿವೇಕವಲ್ಲ. ಕಂಪ್ಯೂಟರ್ ವಿದ್ಯೆ ಕೆಟ್ಟದ್ದೆಂದು ನಾವು ಹೇಳುವದಿಲ್ಲ. ಕಾಲುವೆಯ ನೀರನ್ನು ಅಳೆಯಲಿಕ್ಕೂ ಅದು ಬೇಕು. ಸಂಬಳದ ಸುದ್ದಿ ಕೇಳಿ ಮಾತ್ರ ಅದನ್ನು ಆರಿಸಬೇಡಿರಿ. ನಮ್ಮ ಕೃಷಿ ವಿಶ್ವವಿದ್ಯಾಲಯದಲ್ಲಿಯೇ ಕೃಷಿ ಇಂಜಿನಿಯರಿಂಗ್ ಕಾಲೇಜು ಇರುವದನ್ನು ರೈತರ ಮಕ್ಕಳು ಮರೆಯಬಾರದು.

ನಮ್ಮ ಹಿರಿಯರಿಗೆ ಈ ಬಾಗಿಲುಗಳು ತೆರೆದಿರಲಿಲ್ಲ. ನಿಜಾಮನ ಆಳಿಕೆಯಲ್ಲಿ ಉಚ್ಚ ಶಿಕ್ಷಣವೆಂದರೆ ಹೈದರಾಬಾದು; ೧೯೧೮ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆ ಉರ್ದುವಿನಲ್ಲಿ. ಕಲಬುರ್ಗಿಯಲ್ಲಿ ಇಂಜಿನಿಯರಿಂಗ್ ಕಾಲೇಜು ತೆರೆದದ್ದು ೧೯೫೮ರಲ್ಲಿ. ಇಂದು ರಾಯಚೂರಿನಲ್ಲಿಯೇ ಸರಕಾರಿ ಇಂಜಿನಿಯರಿಂಗ್ ಕಾಲೇಜಿದೆ. ೨೦೧೯ರಲ್ಲಿ ಸ್ಥಾಪಿತವಾದ ಐ.ಐ.ಐ.ಟಿ. ಇದೆ. ಸಂವಿಧಾನದ ೩೭೧-ಜೆ ವಿಧಿಯ ಮೇರೆಗೆ ೨೦೧೩ರಿಂದ ಈ ಭಾಗದ ಕಾಲೇಜುಗಳ ಸರಕಾರಿ ಪಾಲಿನಲ್ಲಿ ನೂರಕ್ಕೆ ೭೦, ರಾಜ್ಯದ ಉಳಿದೆಡೆ ನೂರಕ್ಕೆ ೮ ಸ್ಥಾನಗಳು ನಮ್ಮವರಿಗೆ ಮೀಸಲು. ಅರ್ಹತೆಯ ಪ್ರಮಾಣಪತ್ರವನ್ನು ಮುಂಚಿತವಾಗಿ ಪಡೆದಿಟ್ಟುಕೊಳ್ಳಿರಿ. ಆದರೆ ಮೀಸಲಾತಿಯು ಬಾಗಿಲು ತೆರೆಯುವದೇ ಹೊರತು ಪಾಠವನ್ನು ಓದಿಕೊಡಲಾರದು.

ಇನ್ನು ವ್ಯವಹಾರದ ಮಾತು. ಸಿ.ಇ.ಟಿ. ಸ್ಥಾನದಲ್ಲಿ ಅರ್ಧ ಪಾಲು ಪಿ.ಯು.ಸಿ. ಅಂಕಗಳದ್ದು, ಆದ್ದರಿಂದ ಕಾಲೇಜಿನ ಪಾಠವನ್ನು ಬಿಟ್ಟು ಬರಿಯ ತರಬೇತಿಯ ಬೆನ್ನು ಹತ್ತಬೇಡಿರಿ. ಕಾಲೇಜನ್ನು ಆರಿಸುವಾಗ ಕಟ್ಟಡದ ಚಂದ ನೋಡದೆ, ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳ ಕೈಗೆ ಯಂತ್ರ ಸಿಗುವದೋ, ಕಲಿಸುವವರು ನಿಲ್ಲುತ್ತಾರೋ, ಹಿಂದಿನ ವರ್ಷದವರು ಎಲ್ಲಿ ಸೇರಿದರು ಎಂಬುದನ್ನು ಅಲ್ಲಿ ಓದುವವರಿಂದಲೇ ಕೇಳಿರಿ. ನಾಲ್ಕು ವರ್ಷದ ಒಟ್ಟು ವೆಚ್ಚವನ್ನು ತಂದೆಯ ಮುಂದೆ ಬರೆದಿಟ್ಟು ಸಾಲದ ಮಾತೆತ್ತಿರಿ. ಹಣ ಸಾಲದವರಿಗೆ ಎಸ್.ಎಸ್.ಎಲ್.ಸಿ.ಯ ಮೇಲೆ ಡಿಪ್ಲೊಮಾ ಓದಿ, ಅನಂತರ ಪದವಿಯ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ದಾರಿಯಿದೆ. ಅದು ಕಿರಿದಾದ ದಾರಿಯಲ್ಲ. ಕೈಗೆ ಕೆಲಸ ಕಲಿಸುವ ದಾರಿ.

ಕನ್ನಡ ಶಾಲೆಯಲ್ಲಿ ಓದಿದವರು ಇಂಗ್ಲಿಷಿಗೆ ಅಂಜುವದುಂಟು. ೨೦೨೧ರಿಂದ ಜೆ.ಇ.ಇ. ಮೇನ್ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಕಾಲೇಜಿನಲ್ಲಿಯೂ ಮೊದಲು ವಿಷಯವನ್ನು ಕನ್ನಡದಲ್ಲಿ ಮನಗಾಣಿರಿ, ಆಮೇಲೆ ಅದರ ಇಂಗ್ಲಿಷ್ ಮಾತನ್ನು ಕಲಿಯಿರಿ. ತಿಳಿಯದ ವಾಕ್ಯವನ್ನು ಉರುಹೊಡೆದವನೇ ಮೊದಲ ವರ್ಷದ ಗಣಿತದಲ್ಲಿ ಎಡವುವನು. ಅಧ್ಯಾಪಕ ಬಂಧುಗಳೇ, ಈ ಅಂಜಿಕೆ ಕಳೆಯುವ ಭಾರ ನಿಮ್ಮ ಮೇಲಿದೆ. ಹೆಣ್ಣುಮಕ್ಕಳಿಗೆ ಈ ವಿದ್ಯೆ ಸಲ್ಲದೆಂಬ ಮಾತು ನಿಮ್ಮ ತರಗತಿಯಲ್ಲಿ ಹುಟ್ಟದಿರಲಿ.

ಕೊನೆಗೆ, ಮನಸ್ಸು ಒಪ್ಪದಿದ್ದರೆ ಬೇರೆ ವಿದ್ಯೆ ಹಿಡಿಯಲು ನಾಚಬೇಡಿರಿ. ಒಳ್ಳೆಯ ಗಣಿತದ ಮಾಸ್ತರನು ಕೆಟ್ಟ ಇಂಜಿನಿಯರನಿಗಿಂತ ನಾಡಿಗೆ ಹೆಚ್ಚು ಬೇಕಾದವನು. ಒಪ್ಪಿದರೆ ಪೂರ್ಣಮನಸ್ಸಿನಿಂದ ಹೋಗಿರಿ. ಕೃಷ್ಣೆ ತುಂಗಭದ್ರೆಗಳ ನಡುವೆ ಹುಟ್ಟಿದವರ ಹೊಲಕ್ಕೆ ನೀರು ಸಾಲದಿರುವದು ಪ್ರಕೃತಿಯ ಬಡತನವಲ್ಲ. ಅದು ಇನ್ನೂ ಬಿಡಿಸದೆ ಉಳಿದ ಲೆಕ್ಕ, ಮತ್ತು ಆ ಲೆಕ್ಕವು ನಿಮ್ಮ ದಾರಿ ಕಾಯುತ್ತಿದೆ.