ನೊಂದ ಮಂಡಿ, ಹೊಸ ಕಾಲೇಜು

ಕಾಲೇಜುಗಳು ಬಾಗಿಲು ತೆರೆಯುವ ಕಾಲ ಬಂತೆಂದರೆ ನಮ್ಮ ಮೈಸೂರಿನ ಮನೆಮನೆಯಲ್ಲೂ ಒಂದೇ ಮಾತು: ಯಾವ ಕಾಲೇಜು, ಯಾವ ವಿಷಯ, ಫೀಜು ಎಷ್ಟು, ಹಾಸ್ಟೆಲಿನಲ್ಲಿ ಜಾಗ ಉಂಟೆ ಇಲ್ಲವೆ. ಕೆಲವು ಮನೆಗಳಲ್ಲಿ ಇವುಗಳ ಜೊತೆಗೆ ಇನ್ನೊಂದು ಚಿಂತೆಯೂ ಸೇರಿರುತ್ತದೆ. ಮಗನೋ ಮಗಳೋ ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ನಾಲ್ಕು ಜನ ಮೆಚ್ಚುವ ಹಾಗೆ ಆಡಿದ್ದಾರೆ. ಆ ಆಟವನ್ನು ಕಂಡು ಬೇರೊಂದು ಕಾಲೇಜಿನವರು ಕರೆದಿದ್ದಾರೆ. ಆದರೆ ಕಳೆದ ವರ್ಷದ ಪಂದ್ಯದಲ್ಲಿ ಮಂಡಿಗೆ ಪೆಟ್ಟಾಗಿದೆ. ಈಗ ಮಾಡುವುದೇನು? ಪೆಟ್ಟಿನ ವಿಷಯ ಹೇಳಿಬಿಡುವುದೋ, ಸೀಟು ಸಿಗುವವರೆಗೆ ಸುಮ್ಮನಿರುವುದೋ? ಇಂಥ ಮನೆಯ ತಂದೆತಾಯಿಗಳೊಡನೆ, ಅವರ ಮಕ್ಕಳೊಡನೆ, ಈ ಹೊತ್ತು ಎರಡು ಮಾತನಾಡಬೇಕೆಂದಿದ್ದೇನೆ.

ಮೊದಲು ಆಟದ ಸ್ವಭಾವವನ್ನು ನೋಡೋಣ. ಬ್ಯಾಸ್ಕೆಟ್‌ಬಾಲ್ ಕಾಲೇಜಿನಲ್ಲೇ ಹುಟ್ಟಿದ ಆಟ. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ಒಂದು ತರಬೇತಿ ಶಾಲೆಯಲ್ಲಿ, ಚಳಿಗಾಲದಲ್ಲಿ ಒಳಾಂಗಣದಲ್ಲೇ ಆಡಬಹುದಾದ ಆಟವೊಂದು ಬೇಕೆಂದು ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರು ಇದನ್ನು ರೂಪಿಸಿದರು. ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಕಟ್ಟಿ, ಹದಿಮೂರು ನಿಯಮಗಳನ್ನು ಬರೆದರು. ಆಟಗಾರರು ಒಬ್ಬರ ಮೇಲೊಬ್ಬರು ಬಿದ್ದು ಪೆಟ್ಟು ಮಾಡಿಕೊಳ್ಳಬಾರದು ಎಂಬುದು ಅವರ ಆಶಯ. ಅದಕ್ಕಾಗಿ ಚೆಂಡನ್ನು ಹಿಡಿದುಕೊಂಡು ಓಡಬಾರದು ಎಂದು ವಿಧಿಸಿದರು. ಆದರೆ ಈ ಸಜ್ಜನಿಕೆಯ ನಿಯಮಕ್ಕೂ ಒಂದು ಬೆಲೆಯುಂಟು. ಓಡಿಬಂದವನು ಚೆಂಡು ಕೈಗೆ ಬಂದ ಕೂಡಲೆ ತಟ್ಟನೆ ನಿಲ್ಲಬೇಕು. ಒಂದು ಪಾದವನ್ನು ನೆಲಕ್ಕೂರಿ ಮೈಯನ್ನು ತಿರುಗಿಸಬೇಕು. ಹತ್ತಡಿ ಎತ್ತರದ ಬಳೆಯ ಕಡೆಗೆ ನೆಗೆದು, ಮತ್ತೆ ಗಟ್ಟಿ ನೆಲದ ಮೇಲೆ ಇಳಿಯಬೇಕು. ಈ ನಿಲ್ಲುವುದು, ತಿರುಗುವುದು, ಇಳಿಯುವುದು ಇವೆಲ್ಲದರ ಭಾರ ಬೀಳುವುದು ಹಿಮ್ಮಡಿಯ ಗಂಟಿನ ಮೇಲೆ ಮತ್ತು ಮಂಡಿಯ ಮೇಲೆ.

ಹಿಮ್ಮಡಿಯ ಗಂಟಿನ ಉಳುಕು ಈ ಆಟದಲ್ಲಿ ತೀರ ಸಾಮಾನ್ಯ. ಹೆಚ್ಚಿನವು ಕೆಲವು ವಾರಗಳಲ್ಲಿ ಸರಿಹೋಗುತ್ತವೆ. ಮಂಡಿಯ ವಿಷಯ ಹಾಗಲ್ಲ. ಮಂಡಿಯ ಕೀಲಿನ ನಡುವೆ ತೊಡೆಯ ಮೂಳೆಯನ್ನೂ ಮೊಣಕಾಲಿನ ಕೆಳಗಿನ ಮೂಳೆಯನ್ನೂ ಬಿಗಿದಿರುವ ಹಗ್ಗದಂಥ ಒಂದು ಕಟ್ಟಿದೆ. ವೈದ್ಯರು ಇದನ್ನು ಎ.ಸಿ.ಎಲ್. ಎನ್ನುತ್ತಾರೆ, ಆಟದ ಹುಡುಗರು ಲಿಗಮೆಂಟ್ ಎಂದು ಬಿಡುತ್ತಾರೆ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಅಡ್ಡಾದಿಡ್ಡಿ ತಿರುಗದಂತೆ ತಡೆಯುವುದು ಇದರ ಕೆಲಸ. ಪಾದ ನೆಲದಲ್ಲಿ ನಿಂತು ಮೈ ಮಾತ್ರ ತಿರುಗಿದಾಗ ಅದು ಕಿತ್ತುಹೋಗಬಹುದು. ಹಲವು ಸಲ ಯಾರೂ ಮೈಮೇಲೆ ಬಿದ್ದಿರುವುದೇ ಇಲ್ಲ. ‘ಟಪ್’ ಎಂದು ಶಬ್ದವಾಯಿತೆಂದು ಆಟಗಾರನೇ ಹೇಳುತ್ತಾನೆ, ಕೆಲವು ಗಂಟೆಗಳಲ್ಲಿ ಮಂಡಿ ಊದಿಕೊಳ್ಳುತ್ತದೆ. ಇದು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು ಎಂಬುದನ್ನು ಹೆಣ್ಣುಮಕ್ಕಳ ತಂದೆತಾಯಿಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಹೆಣ್ಣುಮಕ್ಕಳು ಆಡಬಾರದೆಂದು ಇದರ ಅರ್ಥವಲ್ಲ. ನೆಗೆದು ಇಳಿಯುವ ಬಗೆಯನ್ನು ಅವರಿಗೆ ಮೊದಲಿನಿಂದಲೇ ಸರಿಯಾಗಿ ಕಲಿಸಬೇಕೆಂದು ಅರ್ಥ.

ಪೂರ್ತಿ ಕಿತ್ತುಹೋದ ಈ ಕಟ್ಟು ಸಾಮಾನ್ಯವಾಗಿ ತಾನಾಗಿ ಮೊದಲಿನಂತೆ ಕೂಡಿಕೊಳ್ಳುವುದಿಲ್ಲ. ಕೆಲವರು ವ್ಯಾಯಾಮದಿಂದಲೇ ದಿನದ ಕೆಲಸಕ್ಕೆ ಸಾಕಾಗುವಷ್ಟು ಬಲ ಪಡೆಯುತ್ತಾರೆ. ಮತ್ತೆ ಆಟಕ್ಕೆ ಇಳಿಯಬೇಕೆನ್ನುವ ಅನೇಕರಿಗೆ, ಅವರ ಕಾಲಿನಿಂದಲೇ ತೆಗೆದ ನಾರನ್ನು ಆ ಜಾಗದಲ್ಲಿ ಕೂರಿಸುವ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಇಲ್ಲಿಯೇ ಮನೆಯವರು ಮೋಸಹೋಗುವುದು. ಮೂರು ನಾಲ್ಕು ತಿಂಗಳಿಗೆ ನೋವು ಹೋಗುತ್ತದೆ, ಊತ ಇಳಿಯುತ್ತದೆ, ಹುಡುಗ ಮೆಟ್ಟಿಲು ಹತ್ತುತ್ತಾನೆ, ಸೈಕಲ್ ತುಳಿಯುತ್ತಾನೆ. ‘ವಾಸಿಯಾಯಿತು’ ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ ಒಳಗೆ ಕೂರಿಸಿದ ನಾರು ಆಗ ಇನ್ನೂ ಎಳಸು. ಗೋಡೆ ಒಣಗಿದಂತೆ ಕಂಡಿತೆಂದು ಅದರ ಮೇಲೆ ತಾರಸಿ ಹೊರಿಸುವುದುಂಟೆ? ನೋವು ಹೋದದ್ದು ಬಲ ಬಂದದ್ದಕ್ಕೆ ಸಾಕ್ಷಿಯಲ್ಲ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ತಡಮಾಡಿದ ಒಂದೊಂದು ತಿಂಗಳಿಗೂ ಮಂಡಿಗೆ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿದದ್ದು ಕಂಡುಬಂತು. ಕಾಲ ಕಳೆದರೂ ಸಾಲದು. ನೊಂದ ಕಾಲಿನ ತೊಡೆಯ ಬಲ ಇನ್ನೊಂದು ಕಾಲಿನ ಬಲದ ನೂರಕ್ಕೆ 90ರಷ್ಟಾದರೂ ಆಗಿರಬೇಕೆಂದು ವೈದ್ಯರು ನೋಡುತ್ತಾರೆ. ಎರಡು ತೊಡೆಗಳನ್ನೂ ದರ್ಜಿಯ ಟೇಪಿನಿಂದ ಅಳೆದು ನೋಡಿ. ಒಂದು ಸೊರಗಿದ್ದರೆ ಅದು ಮನೆಯವರ ಕಣ್ಣಿಗೂ ಕಾಣುತ್ತದೆ.

ಈಗ ಲೆಕ್ಕ ಹಾಕೋಣ. ಡಿಸೆಂಬರಿನಲ್ಲಿ ಶಸ್ತ್ರಚಿಕಿತ್ಸೆಯಾದರೆ ಒಂಬತ್ತು ತಿಂಗಳೆಂದರೆ ಸೆಪ್ಟೆಂಬರು. ನಡುವೆ ಹೊಸ ಕಾಲೇಜಿಗೆ ಸೇರಿದ್ದಾಯಿತು. ಹೊಸ ಹುಡುಗನ ಆಟವನ್ನು ನೋಡಬೇಕೆಂಬ ಆತುರ ಎಲ್ಲರಿಗೂ. ‘ಏನಪ್ಪಾ, ದಸರಾ ಕ್ರೀಡಾಕೂಟದ ಹೊತ್ತಿಗೆ ಆಗುತ್ತೋ?’ ಎಂದು ನೆಂಟರು, ನೆರೆಯವರು, ಜೊತೆಯ ಆಟಗಾರರು ಕೇಳುತ್ತಾರೆ. ಹಳೆಯ ಕಾಲೇಜಿನಲ್ಲಾದರೆ ಅವನ ಆಟವನ್ನು ಕಂಡವರಿದ್ದರು. ಅಲ್ಲಿ ಕಾಯಲು ಸಂಕೋಚವಿರಲಿಲ್ಲ. ಇಲ್ಲಿ ಅವನನ್ನು ಕಂಡವರು ಯಾರೂ ಇಲ್ಲ. ತಾನು ಯಾರೆಂದು ತೋರಿಸಿಕೊಳ್ಳುವ ಹಂಬಲದಿಂದಲೇ ಹುಡುಗ ಎರಡು ತಿಂಗಳು ಮುಂಚಿತವಾಗಿ ಅಂಗಳಕ್ಕಿಳಿಯುತ್ತಾನೆ. ಕಾಲೇಜು ಬದಲಿಸಿದ ಆಟಗಾರನಿಗೆ ನಿಜವಾದ ಅಪಾಯ ಇದು.

ಆದ್ದರಿಂದ ನನ್ನ ಮೊದಲ ಸಲಹೆ: ಪೆಟ್ಟನ್ನು ಮುಚ್ಚಿಡಬೇಡಿ. ಆಟದ ಆಧಾರದ ಮೇಲೆ ಸಿಗುವ ಸೀಟಿನಲ್ಲಿ ಎರಡು ಬಗೆಯುಂಟು. ವೃತ್ತಿಶಿಕ್ಷಣಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಕ್ರೀಡಾ ಮೀಸಲಿನಲ್ಲಿ ದೊರೆಯುವ ಸೀಟಿಗೆ ನೋಡುವುದು ಹಿಂದೆ ಆಡಿ ಗಳಿಸಿದ ಪ್ರಮಾಣಪತ್ರಗಳನ್ನು. ಅದು ಮಾಡಿದ ಕೆಲಸಕ್ಕೆ ಸಂದ ಮನ್ನಣೆ. ಒಂದೊಂದು ಕಾಲೇಜು ತಾನಾಗಿ ಕೊಡುವ ಫೀಜಿನ ರಿಯಾಯಿತಿ, ಹಾಸ್ಟೆಲಿನ ಊಟ ಇವು ಬೇರೆ. ಅವು ಮುಂದೆ ಆಡುವನೆಂಬ ನಂಬಿಕೆಯ ಮೇಲೆ ಕೊಟ್ಟವು. ಇಂಥ ಕಡೆ ಸೇರುವ ಮುನ್ನವೇ ಪ್ರಿನ್ಸಿಪಾಲರನ್ನೂ ದೈಹಿಕ ಶಿಕ್ಷಣ ನಿರ್ದೇಶಕರನ್ನೂ ಕಂಡು, ವೈದ್ಯರ ಚೀಟಿಯನ್ನು ಮುಂದಿಟ್ಟು, ‘ಈ ವರ್ಷ ಇವನು ಆಡದಿದ್ದರೆ ರಿಯಾಯಿತಿ ನಿಲ್ಲುತ್ತದೆಯೆ?’ ಎಂದು ಕೇಳಿ. ಉತ್ತರವನ್ನು ಬರಹದಲ್ಲಿ ಪಡೆಯಿರಿ. ಇಲ್ಲವೆಂದರೆ ಒಳ್ಳೆಯದೇ ಆಯಿತು. ನಿಲ್ಲುತ್ತದೆ ಎಂದರೂ ಒಳ್ಳೆಯದೇ. ಪೂರ್ತಿ ಫೀಜು ತೆರಲು ಶಕ್ತಿಯುಂಟೋ ಇಲ್ಲವೋ ಎಂಬುದನ್ನು ಜೂನ್ ತಿಂಗಳಲ್ಲೇ ತಿಳಿದುಕೊಳ್ಳಬಹುದು. ನವೆಂಬರಿನಲ್ಲಿ ತಿಳಿದರೆ ಹುಡುಗ ನೊಂದ ಮಂಡಿಯಿಂದಲೇ ಫೀಜು ತೆರಬೇಕಾಗುತ್ತದೆ.

ಎರಡನೆಯದು, ಕಾಗದಪತ್ರ ಮತ್ತು ಹಾಜರಿ. ನಮ್ಮ ಊರಿನಲ್ಲೇ ಒಂದು ವಿಶೇಷವನ್ನು ನೋಡಿ. ಯುವರಾಜ ಕಾಲೇಜು 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯದ್ದು. 1946ರಲ್ಲಿ ಆರಂಭವಾದ ಎನ್.ಐ.ಇ. ಎಂಜಿನಿಯರಿಂಗ್ ಕಾಲೇಜು ಸೇರಿರುವುದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ. ಬಿ.ಎಸ್‌ಸಿ. ಬಿಟ್ಟು ಎಂಜಿನಿಯರಿಂಗಿಗೆ ಹೋದವನು ಮನೆ ಬದಲಿಸದಿದ್ದರೂ, ಊರು ಬಿಡದಿದ್ದರೂ ವಿಶ್ವವಿದ್ಯಾಲಯವನ್ನು ಬದಲಿಸಿದಂತಾಯಿತು. ವಿಶ್ವವಿದ್ಯಾಲಯದ ತಂಡಕ್ಕೆ ಆಡುವ ಅರ್ಹತೆಯನ್ನು ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ನಿಯಮಗಳಂತೆ ನೋಡುತ್ತಾರೆ. ಟಿ.ಸಿ., ವಲಸೆ ಪ್ರಮಾಣಪತ್ರ, ಆಡಿದ ಪಂದ್ಯಗಳ ಪ್ರಮಾಣಪತ್ರ, ಶಸ್ತ್ರಚಿಕಿತ್ಸೆಯ ವರದಿ, ಸ್ಕ್ಯಾನಿನ ಚಿತ್ರ ಇವೆಲ್ಲವನ್ನೂ ಒಂದೇ ಕಡತದಲ್ಲಿಡಿ. ಪಾಠಗಳಿಗೆ ನೂರಕ್ಕೆ 75 ಹಾಜರಿ ಇರಬೇಕೆಂಬುದು ಸಾಮಾನ್ಯ ನಿಯಮ. ಊರುಗೋಲಿನ ವಾರಗಳಲ್ಲಿ ಹಳೆಯ ಕಾಲೇಜಾದರೆ ಟಿಪ್ಪಣಿ ತಂದುಕೊಡುವ ಗೆಳೆಯರಿರುತ್ತಿದ್ದರು. ಹೊಸ ಕಡೆ ಅವರಿಲ್ಲ. ಬಂದ ಮೊದಲ ವಾರದಲ್ಲೇ ತರಗತಿಯ ಅಧ್ಯಾಪಕರಿಗೆ ವಿಷಯ ತಿಳಿಸಿಡುವುದು ಮೇಲು.

ಹೊರದೇಶದ ಅನುಭವವನ್ನೂ ಒಂದಿಷ್ಟು ನೋಡೋಣ. ಅಮೆರಿಕದಲ್ಲಿ ಒಂದು ದೊಡ್ಡ ಕಾಲೇಜಿನಿಂದ ಇನ್ನೊಂದಕ್ಕೆ ಹೋದ ಬ್ಯಾಸ್ಕೆಟ್‌ಬಾಲ್ ಆಟಗಾರ ಒಂದು ವರ್ಷ ಪಂದ್ಯವಾಡದೆ ಕೂರಬೇಕೆಂಬ ಕಟ್ಟಳೆ ಬಹುಕಾಲ ಇತ್ತು. 2021ರಲ್ಲಿ ಮೊದಲ ಸಲ ಬದಲಿಸುವವರಿಗೆ ಅದನ್ನು ಸಡಿಲಿಸಿದರು; 2024ರಲ್ಲಿ, ಓದು ಸರಿಯಾಗಿದ್ದವರಿಗೆ, ಎಷ್ಟು ಸಲ ಬದಲಿಸಿದರೂ ಕಾಯಬೇಕಾಗಿಲ್ಲವೆಂದಾಯಿತು. ಆಟಗಾರರಿಗೆ ಅದು ಸ್ವಾತಂತ್ರ್ಯವೇ ಸರಿ. ಆದರೆ ಪೆಟ್ಟು ತಿಂದವನಿಗೆ ಆ ಹಳೆಯ ಕಟ್ಟಳೆ ಅರಿಯದೆಯೇ ಒಂದು ಉಪಕಾರ ಮಾಡುತ್ತಿತ್ತು: ಕಾಯಲು ಅವನಿಗೊಂದು ನೆಪ ಕೊಡುತ್ತಿತ್ತು. ಕಾದವರಿಗೆ ನಷ್ಟವೇನೂ ಇಲ್ಲವೆಂಬುದಕ್ಕೆ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಪೇಜ್ ಬೆಕರ್ಸ್ ಎಂಬಾಕೆಯೇ ಸಾಕ್ಷಿ. 2022ರ ಆಗಸ್ಟ್‌ನಲ್ಲಿ ಆಕೆಯ ಮಂಡಿಯ ಕಟ್ಟು ಹರಿಯಿತು. ಮುಂದಿನ ಋತುವನ್ನು ಪೂರ್ತಿ ಬಿಟ್ಟು ಕೂತಳು. ಅದೇ ಕಾಲೇಜಿನ ತಂಡದಲ್ಲಿ ಆಡಿ 2025ರ ಏಪ್ರಿಲ್‌ನಲ್ಲಿ ರಾಷ್ಟ್ರ ಪ್ರಶಸ್ತಿಯನ್ನು ಗೆದ್ದಳು. ಆಕೆಗೆ ಕಾಯಲು ಬಿಟ್ಟ ತಂಡವಿತ್ತು. ಕಾಲೇಜು ಬದಲಿಸಿದ ನಮ್ಮ ಹುಡುಗನಿಗೆ ಆ ಬಿಡುವನ್ನು ಮನೆಯವರೇ ಕೊಡಿಸಬೇಕು. ‘ಮೊದಲ ವರ್ಷ ಪಂದ್ಯವಿಲ್ಲ’ ಎಂದು ಮನೆಯಲ್ಲೇ ಒಂದು ಕಟ್ಟಳೆ ಮಾಡಿಕೊಂಡರೆ ಅವನು ಯಾರಿಗೂ ಸಬೂಬು ಹೇಳಬೇಕಾಗಿಲ್ಲ.

ಕೊನೆಯದು ಮನಸ್ಸಿನ ಮಾತು. ನಮ್ಮ ಊರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿಯನ್ನು ಆರಂಭಿಸಿದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮನಸ್ಸಿನ ಪಂಡಿತರು ಹುಟ್ಟುಹಾಕಿದ ಬಾನುಲಿಯ ಊರಿನಲ್ಲಿ ಮಂಡಿಯ ಮಾತಿನ ಜೊತೆಗೆ ಮನಸ್ಸಿನ ಮಾತನ್ನೂ ಆಡದೆ ಮುಗಿಸಬಾರದು. ಆಟಗಾರ ಎಂದೇ ಹೆಸರಾದವನಿಗೆ ಆಟ ತಪ್ಪಿದಾಗ ತಾನು ಯಾರೆಂಬುದೇ ಮರೆತಂತಾಗುತ್ತದೆ. ಊಟ ಕಡಿಮೆಯಾದರೆ, ಮಾತು ನಿಂತರೆ, ಬೆಳಗ್ಗೆ ಏಳಲು ಮನಸ್ಸಿಲ್ಲದಿದ್ದರೆ ಅದನ್ನು ಸೋಮಾರಿತನವೆಂದು ಬೈಯಬೇಡಿ. ಅವನನ್ನು ಅಂಗಳದಿಂದ ದೂರವಿಡಲೂ ಬೇಡಿ. ಅಂಕಗಳ ಪುಸ್ತಕ ಬರೆಯಲಿ, ಕಿರಿಯರಿಗೆ ಚೆಂಡು ಎಸೆಯುವುದನ್ನು ಕುಳಿತಲ್ಲಿಂದಲೇ ಹೇಳಿಕೊಡಲಿ, ತಂಡದವರೊಡನೆ ಬೆಂಚಿನ ಮೇಲೆ ಕೂರಲಿ. ಆಡುವ ಮೊದಲೇ ಗೆಳೆಯರಾದರೆ, ಆಡಿ ತೋರಿಸಬೇಕೆಂಬ ಆತುರ ತಾನಾಗಿ ಇಳಿಯುತ್ತದೆ.

ಹೊಸ ಹುಡುಗನನ್ನು ಬರಮಾಡಿಕೊಳ್ಳುವ ಅಧ್ಯಾಪಕರಿಗೂ ಇಷ್ಟೇ ಬಿನ್ನಹ: ಅವನ ಹೆಸರು ಮೊದಲು ಬರುವುದು ಹಾಜರಿ ಪುಸ್ತಕದಲ್ಲಿ, ತಂಡದ ಪಟ್ಟಿಯಲ್ಲಿ ಬರುವುದು ಆಮೇಲೆ. ಕಾಲೇಜಿನ ಆಟ ಮೂರೋ ನಾಲ್ಕೋ ವರ್ಷದ್ದು. ಮಂಡಿಯಾದರೋ ಅರವತ್ತು ವರ್ಷ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಸಬೇಕಾದದ್ದು.