'ಮಕ್ಕಳು' ಎಂಬ ಮಾತಿನಲ್ಲಿ ಹೆಣ್ಣುಮಕ್ಕಳ ಪಾಲು



ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಎಲ್ಲಿಗೆ ಹೋದರೂ ನಾನು ಒಂದು ಮಾತು ಕೇಳುತ್ತೇನೆ. 'ಮಕ್ಕಳೆಷ್ಟು?' ಎಂದರೆ 'ಮಕ್ಕಳು ಇಬ್ಬರ್ರೀ, ಹೆಣ್ಣು ಮೂರು' ಎನ್ನುತ್ತಾರೆ. ಹಾಗಾದರೆ ಆ ಮೂವರು ಮಕ್ಕಳಲ್ಲವೇ?

ಮಗ, ಮಗಳು, ಮಗು, ಮೂರೂ ಒಂದೇ ಬೇರಿನ ಮಾತುಗಳು. 'ಅವಳು' ಎಂಬಲ್ಲಿರುವ ಸ್ತ್ರೀಲಿಂಗದ ಗುರುತೇ ಸೇರಿ ಹಳಗನ್ನಡದಲ್ಲಿ 'ಮಗಳ್' ಆಯಿತು. ಇಬ್ಬರನ್ನೂ ಕೂಡಿಸಿ ಹೇಳುವ ಮಾತು 'ಮಕ್ಕಳು'. ತಮಿಳಿನಲ್ಲಿ ಇದಕ್ಕೆ ಜನ ಎಂಬ ಅರ್ಥವೂ ಉಂಟು. ಹೆಂಗಸರನ್ನು ಹೆಣ್ಣುಮಕ್ಕಳು, ಗಂಡಸರನ್ನು ಗಣಮಕ್ಕಳು ಎನ್ನುವವರು ನಾವು. ಎಂಬತ್ತು ದಾಟಿದ ಅಜ್ಜಿಯೂ ನಮ್ಮ ಬಾಯಲ್ಲಿ ಹೆಣ್ಣುಮಗಳೇ. 9ನೆಯ ಶತಮಾನದ 'ಕವಿರಾಜಮಾರ್ಗ' ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಪುಲಿಗೆರೆಯನ್ನು, ಅಂದರೆ ಇಂದಿನ ಲಕ್ಷ್ಮೇಶ್ವರವನ್ನು ಹೆಸರಿಸಿದೆ. ಅಂಥ ನೆಲದವರು ಇಷ್ಟು ತುಂಬಿದ ಮಾತನ್ನು ಅರ್ಧ ಮಾಡಬಾರದು.

ಧರ್ಮವೂ ಅರ್ಧ ಮಾಡಿಲ್ಲ. ಎಂಟನೆಯ ತಿಂಗಳಲ್ಲಿ ಗರ್ಭಕ್ಕೆ ಲಿಂಗಧಾರಣೆ ಮಾಡುವಾಗ ಒಳಗಿರುವುದು ಗಂಡೋ ಹೆಣ್ಣೋ ಎಂದು ಯಾರೂ ಕೇಳುವುದಿಲ್ಲ. ಮುಂದೆ ಇಬ್ಬರ ಅಂಗೈಗೂ ಬರುವುದು ಅದೇ ಇಷ್ಟಲಿಂಗ.

ಭೇದ ನೆನಪಾಗುವುದು ಹೊಲದ ವಾಟ್ನಿಯ ದಿನ. ಪಂಚಮಿಗೆ ಕರೆತಂದು, ಉಂಡಿ ತಿನ್ನಿಸಿ, ಸೀರೆ ಕೊಟ್ಟು ಕಳಿಸುವ ಅಣ್ಣತಮ್ಮಂದಿರೇ ಅಂದು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಕೇಳುತ್ತಾರೆ. ತವರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಅವಳು ಸಹಿ ಮಾಡುತ್ತಾಳೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಲಿಂಗಾಯತರನ್ನು ಹೆಸರು ಹೇಳಿಯೇ ತನ್ನ ವ್ಯಾಪ್ತಿಗೆ ತಂದಿದೆ. 2005ರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. ಅದು ಹುಟ್ಟಿನಿಂದಲೇ ಬರುವ ಹಕ್ಕೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು.

ಪ್ರೀತಿಯಿಂದ ಬಿಟ್ಟುಕೊಡುವ ಮಗಳನ್ನು ಯಾರೂ ತಡೆಯಬೇಕಿಲ್ಲ. ಆದರೆ ಅದು ತನ್ನದೆಂದು ಅವಳಿಗೆ ಮೊದಲು ಗೊತ್ತಿರಬೇಕು. 'ಬಿಡುವುದಿಲ್ಲ' ಎಂದರೂ ಮುಂದಿನ ಪಂಚಮಿಗೆ ಅವಳಿಗೆ ಕರೆ ಬರಬೇಕು.

ತಮ್ಮಲ್ಲಿ ನನ್ನ ಬಿನ್ನಹ ಇಷ್ಟೇ. ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ 'ಐದು ಮಂದಿ' ಎನ್ನಿರಿ. ಉತಾರ ಮುಂದಿಟ್ಟುಕೊಂಡು ಕೂತಾಗಲೂ ಅದೇ ಲೆಕ್ಕ ಹಿಡಿಯಿರಿ.